ಸಯನೊಟೈಪ್ ಕೆಟ್ಟಾಗ: ಬಾಟಲಿ ಚೆಲ್ಲುವ ಮುನ್ನ ನೋಡಬೇಕಾದ್ದು

‘ನೀಲನಕ್ಷೆ’ ಎಂಬ ಮಾತು ಬಂದದ್ದು, ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ಸಯನೊಟೈಪ್ ವಿಧಾನದಿಂದ. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ಈ ಮುದ್ರಣವನ್ನು ಮುಂದೆ ಎಂಜಿನಿಯರುಗಳು ನಕ್ಷೆಗಳ ಪ್ರತಿ ತೆಗೆಯಲು ಬಳಸಿದರು. ಎರಡು ಲವಣ, ನೀರು, ಕಾಗದ, ಬಿಸಿಲು ಇದ್ದರೆ ಸಾಕು. ಆದರೂ ಕೆಡುತ್ತದೆ. ಕೆಟ್ಟಾಗ ಬಹಳ ಮಂದಿ ಮೊದಲು ಮಾಡುವ ಕೆಲಸ ದ್ರಾವಣ ಚೆಲ್ಲಿ ಹೊಸ ಪುಡಿ ತರಿಸುವುದು. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ತಪ್ಪು ಹೆಚ್ಚಾಗಿ ಇರುವುದು ನೀರಿನಲ್ಲಿ, ಕಾಗದದಲ್ಲಿ ಅಥವಾ ಬಿಸಿಲಿನ ಲೆಕ್ಕದಲ್ಲಿ.

ಮುಂದಿನದೆಲ್ಲ ಈ ಹಳೆಯ ಅಳತೆಯನ್ನು ಆಧರಿಸಿದೆ:

‘ಎ’ ದ್ರಾವಣ: ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ನೀರು ಸೇರಿಸಿ ಒಟ್ಟು 100 ಮಿಲಿ.
‘ಬಿ’ ದ್ರಾವಣ: ಪೊಟ್ಯಾಶಿಯಂ ಫೆರಿಸಯನೈಡ್ 10 ಗ್ರಾಂ, ನೀರು ಸೇರಿಸಿ ಒಟ್ಟು 100 ಮಿಲಿ.

ಎರಡನ್ನೂ ಬೇರೆ ಬೇರೆ ಕಂದು ಬಾಟಲಿಗಳಲ್ಲಿ ಇಡಬೇಕು. ಬೇಕಾದಾಗ ಸಮಪಾಲು ಬೆರೆಸಿ ಬಳಿಯಬೇಕು. ಒಣಗಿದ ಹಾಳೆಯ ಮೇಲೆ ನೆಗೆಟಿವ್ (ಕಪ್ಪು ಬಿಳುಪು ತಿರುವುಮುರುವಾದ ಪಾರದರ್ಶಕ ಚಿತ್ರ) ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಟ್ಟು, ಆಮೇಲೆ ನೀರಿನಲ್ಲಿ ತೊಳೆಯಬೇಕು. ಎ4 ಅಳತೆಯ ಹಾಳೆಗೆ ತಲಾ 1 ಮಿಲಿ, ಅಂದರೆ ಒಟ್ಟು 2 ಮಿಲಿ ಸಾಕಾಗುತ್ತದೆ. ‘ಒಟ್ಟು 100 ಮಿಲಿ’ ಎಂದರೆ ಮೊದಲು 70 ಮಿಲಿ ನೀರಿನಲ್ಲಿ ಪುಡಿ ಕರಗಿಸಿ, ಆಮೇಲೆ 100ರ ಗೆರೆಯವರೆಗೆ ನೀರು ತುಂಬುವುದು. 100 ಮಿಲಿ ನೀರಿಗೆ 25 ಗ್ರಾಂ ಸುರಿದರೆ ದ್ರಾವಣ ತುಸು ತೆಳುವಾಗುತ್ತದೆ, ಅದರಿಂದ ಚಿತ್ರ ಹಾಳಾಗುವುದಿಲ್ಲ. ಎ 20, ಬಿ 8 ಗ್ರಾಂ ಅಳತೆಯಲ್ಲೂ ಒಳ್ಳೆಯ ಮುದ್ರಣ ಬರುತ್ತದೆ. ಆದ್ದರಿಂದ ಒಂದೆರಡು ಗ್ರಾಂ ಹೆಚ್ಚುಕಡಿಮೆಯಾಯಿತು ಎಂಬ ಚಿಂತೆ ಬೇಡ. ಅಡುಗೆಮನೆಯ ತಕ್ಕಡಿ 1 ಗ್ರಾಂ ಲೆಕ್ಕದಲ್ಲಷ್ಟೇ ತೂಗುವುದಾದರೆ 200 ಮಿಲಿ ಮಾಡಿ, ತೂಕದ ತಪ್ಪಿನ ಪಾಲು ಅರ್ಧಕ್ಕಿಳಿಯುತ್ತದೆ. ತಕ್ಕಡಿಯ ತಟ್ಟೆ ಮಾತ್ರ ಮತ್ತೆ ಅಡುಗೆಗೆ ಹೋಗಬಾರದು.

ರೋಗ ಪತ್ತೆಗೆ ಎರಡು ಸಂಗತಿ ತಿಳಿದಿದ್ದರೆ ಸಾಕು. ಒಂದು: ಎ ದ್ರಾವಣದಲ್ಲಿರುವುದು ಫೆರಿಕ್ ಕಬ್ಬಿಣ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಅದು ಫೆರಸ್ ಎಂಬ ಇನ್ನೊಂದು ರೂಪ ತಾಳುತ್ತದೆ. ಫೆರಸ್ ಕಬ್ಬಿಣವು ಫೆರಿಸಯನೈಡನ್ನು ಸೇರಿದ ಕೂಡಲೇ ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿ ಹುಟ್ಟುತ್ತದೆ. ಹಾಗಾಗಿ ಬೇಡದ ಕಡೆ ನೀಲಿ ಕಂಡರೆ ಅಲ್ಲಿಗೆ ಫೆರಸ್ ಎಲ್ಲಿಂದ ಬಂತು ಎಂದು ಕೇಳಿ. ಎರಡು: ಪ್ರಷ್ಯನ್ ನೀಲಿ ಹುಳಿಯನ್ನು ತಾಳುತ್ತದೆ, ಕ್ಷಾರವನ್ನು ತಾಳದು. ಇದ್ದ ನೀಲಿ ಮಾಯವಾದರೆ ಕ್ಷಾರ ಎಲ್ಲಿಂದ ಬಂತು ಎಂದು ಕೇಳಿ.

ಮೊದಲು ಒಂದು ಪಟ್ಟಿ

ಯಾವುದೇ ತೊಂದರೆ ಇರಲಿ, ಮೊದಲು ಇದನ್ನು ಮಾಡಿ. ಖರ್ಚು ಎರಡು ಹನಿ ದ್ರಾವಣ, ಒಂದು ಬೆರಳಗಲದ ಕಾಗದ. ಮಂದ ಬೆಳಕಿನಲ್ಲಿ ಎ ಮತ್ತು ಬಿ ಒಂದೊಂದು ಹನಿ ಬೆರೆಸಿ, ಒಳ್ಳೆಯ ಜಲವರ್ಣ ಕಾಗದದ ಪಟ್ಟಿಗೆ ಹತ್ತಿಯಿಂದ ಬಳಿದು ಕತ್ತಲಲ್ಲಿ ಒಣಗಿಸಿ. ಅರ್ಧ ಭಾಗದ ಮೇಲೆ ದಪ್ಪ ರಟ್ಟಿಟ್ಟು ನಡುಹಗಲ ಬಿಸಿಲಿನಲ್ಲಿ 10 ನಿಮಿಷ ಬಿಡಿ. ನೆಗೆಟಿವ್ ಬೇಡ, ಗಾಜೂ ಬೇಡ. ಆಮೇಲೆ ಒಂದು ಲೋಟ ಆರ್‌ಓ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ ಅದರಲ್ಲಿ 5 ನಿಮಿಷ ತೊಳೆಯಿರಿ.

ತೆರೆದಿದ್ದ ಅರ್ಧ ಗಾಢ ನೀಲಿಯಾಗಿ ಮುಚ್ಚಿದ್ದ ಅರ್ಧ ಬೆಳ್ಳಗಾದರೆ ನಿಮ್ಮ ದ್ರಾವಣಗಳು ಚೆನ್ನಾಗಿವೆ. ಅವನ್ನು ಮುಟ್ಟಬೇಡಿ, ತಪ್ಪನ್ನು ನೆಗೆಟಿವ್, ಗಾಜು, ಕಾಗದ, ನೀರಿನಲ್ಲಿ ಹುಡುಕಿ. ಎರಡೂ ಅರ್ಧ ನೀಲಿಯಾದರೆ ದ್ರಾವಣ ಕೆಟ್ಟಿದೆ ಅಥವಾ ಒಣಗುವಾಗ ಬೆಳಕು ತಾಗಿದೆ. ಎರಡೂ ಬಿಳಿಯಾದರೆ ಒಂದು ಬಾಟಲಿಯಲ್ಲಿರುವುದು ಬೇರೆ ಯಾವುದೋ ಪುಡಿ, ಇಲ್ಲವೇ ಒಂದು ಬಾಟಲಿ ಪೂರ್ತಿ ಸತ್ತಿದೆ. ಮುಂದೆ ಏನನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ನೀರು, ಕಾಗದ, ನಿಮಿಷ ಬರೆದಿಡಿ. ಕಾಗದ, ನೀರು ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ತೊಂದರೆ ಹೋದರೂ ಅದು ಏನಿತ್ತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ಮರಳುತ್ತದೆ.

ಬೆರೆಸಿದ ತಕ್ಷಣ ಕಡುನೀಲಿ

ಸರಿಯಾದ ಮಿಶ್ರಣ ಹಳದಿ ಕಲೆತ ಹಸಿರಾಗಿರುತ್ತದೆ. ಬೆರೆಸಿದ ಕ್ಷಣಕ್ಕೇ ಶಾಯಿಯಂತೆ ನೀಲಿಯಾದರೆ ಮೂರು ಸಾಧ್ಯತೆಗಳಿವೆ.

ಎಲ್ಲಕ್ಕಿಂತ ಸುಲಭವಾದದ್ದು ಪಾತ್ರೆಯ ಪರೀಕ್ಷೆ. ತುಕ್ಕು ಹಿಡಿದ ಚಮಚ, ಕಬ್ಬಿಣದ ಪಟ್ಟಿ ಇರುವ ಬ್ರಷ್, ಹಿಂದಿನ ಮಿಶ್ರಣ ಅಂಟಿದ್ದ ಲೋಟ, ಇವುಗಳಲ್ಲಿ ಯಾವುದಿದ್ದರೂ ಸಾಕು. ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನು ಹೊಸದಾಗಿ ತೊಳೆದು ಮತ್ತೆ ಬೆರೆಸಿ. ಎ ಮತ್ತು ಬಿ ದ್ರಾವಣಗಳಿಗೆ ಒಂದೇ ಸಿರಿಂಜ್ ಬಳಸುವುದೂ ಇದೇ ಬಗೆಯ ತಪ್ಪು. ಒಂದರ ಹನಿ ಇನ್ನೊಂದರ ಬಾಟಲಿಗೆ ಸೇರಿದರೆ ಆ ಬಾಟಲಿ ದಿನದಿಂದ ದಿನಕ್ಕೆ ನೀಲಿಗಟ್ಟುತ್ತದೆ. ಎರಡು ಸಿರಿಂಜಿಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ.

ಎರಡನೆಯದು ತಪ್ಪು ಪುಡಿ. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಇದು ಮತ್ತೆ ಮತ್ತೆ ಆಗುತ್ತದೆ. ಫೆರಿಸಯನೈಡ್ ಹರಳು ಮಾಣಿಕ್ಯದಂತೆ ಕೆಂಪು, ಪುಡಿ ಮಾಡಿದರೆ ಕಿತ್ತಳೆ. ಅದರ ಜೊತೆಗಾರ ಫೆರೊಸಯನೈಡ್ ನಿಂಬೆಹಣ್ಣಿನಂತೆ ಹಳದಿ. ಫೆರೊಸಯನೈಡ್ ಬಂದಿದ್ದರೆ ಎ ದ್ರಾವಣದ ಫೆರಿಕ್ ಕಬ್ಬಿಣದೊಡನೆ ಬಿಸಿಲಿಲ್ಲದೆಯೇ ನೀಲಿಯಾಗುತ್ತದೆ. ಎ ಕಡೆಯೂ ಇಂಥ ಬಲೆಯಿದೆ. ‘ಹಸಿರು ಅಮೋನಿಯಂ ಕಬ್ಬಿಣದ ಲವಣ’ ಎಂದು ಕೇಳಿದರೆ ಅಂಗಡಿಯಲ್ಲಿ ಫೆರಸ್ ಅಮೋನಿಯಂ ಸಲ್ಫೇಟ್ ಕೈಗೆ ಬರಬಹುದು. ಪಿಯುಸಿಯ ರಸಾಯನಶಾಸ್ತ್ರ ಪ್ರಯೋಗದಲ್ಲಿ ಪರ್ಮಾಂಗನೇಟ್ ಎದುರು ಟೈಟ್ರೇಶನ್ ಮಾಡುವ ಮೋರ್ಸ್ ಸಾಲ್ಟ್ ಅದೇ. ಅದು ತಿಳಿಹಸಿರು ಹರಳು, ನೇರವಾಗಿ ಫೆರಸ್, ಬಿ ದ್ರಾವಣ ಸೇರಿದ ಕೂಡಲೇ ಕಡುನೀಲಿ. ನಮಗೆ ಬೇಕಾದ ಸಿಟ್ರೇಟ್ ಹರಳಾಗಿ ಅಲ್ಲ, ಹೊಳೆಯುವ ಹಸಿರು ಚೂರು ಅಥವಾ ಪುಡಿಯಾಗಿ ಬರುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ: ಎ ಕಡೆ ‘ಫೆರಿಕ್’ ಮತ್ತು ‘ಸಿಟ್ರೇಟ್’ ಎರಡೂ ಇರಬೇಕು, ಬಿ ಕಡೆ ‘ಫೆರಿ’ ಇರಬೇಕು.

ಮೂರನೆಯದು ಹಳಸಿದ ಬಾಟಲಿ. ಕಿಟಕಿಯ ಬಳಿ ಬಿಳಿ ಬಾಟಲಿಯಲ್ಲಿದ್ದ ಎ ದ್ರಾವಣದೊಳಗೆ ಆಗಲೇ ಫೆರಸ್ ಹುಟ್ಟಿರುತ್ತದೆ. ಯಾವ ಬಾಟಲಿ ಕೆಟ್ಟಿದೆ ಎಂದು ತಿಳಿಯಲು ಮಂದ ಬೆಳಕಿನಲ್ಲಿ 1 ಗ್ರಾಂ ಸಿಟ್ರೇಟ್ ಪುಡಿಗೆ ನೀರು ಸೇರಿಸಿ 4 ಮಿಲಿ ಹೊಸ ಎ ಮಾಡಿ. ಅದನ್ನು ಹಳೆಯ ಬಿ ಜೊತೆ ಬೆರೆಸಿ. ಹಳದಿ ಹಸಿರಾಗಿ ಉಳಿದರೆ ಕೆಟ್ಟದ್ದು ಹಳೆಯ ಎ ಮಾತ್ರ. ಈಗಲೂ ನೀಲಿಯಾದರೆ ಬಿ ಬದಲಿಸಿ. ಹೀಗೆ ಮಾಡಿದರೆ ಒಂದು ಬಾಟಲಿಯಾದರೂ ಉಳಿಯುತ್ತದೆ.

ಬೆರೆಸಿ ಇಟ್ಟ ದ್ರಾವಣ ಕೆಲವು ತಾಸಿನ ಮೇಲೆ ನಿಧಾನವಾಗಿ ಹಸಿರು, ನೀಲಿ ತಿರುಗುವುದು ದೋಷವಲ್ಲ, ಅದರ ಸ್ವಭಾವ. ಅಂದಂದಿಗೆ ಬೇಕಾದಷ್ಟನ್ನೇ ಬೆರೆಸಿ.

ಬಾಟಲಿಯಲ್ಲಿ ಬೂಷ್ಟು, ತಳದಲ್ಲಿ ಗಸಿ

ಸಿಟ್ರೇಟ್ ಬೂಷ್ಟಿಗೆ ಒಳ್ಳೆಯ ಆಹಾರ, ಅದಕ್ಕೇ ಎ ದ್ರಾವಣದ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ನೋಡಲು ಅಸಹ್ಯವಾದರೂ ಹೆಚ್ಚಾಗಿ ದ್ರಾವಣ ಇನ್ನೂ ಬದುಕಿರುತ್ತದೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ತುಂಬಿ, ಪಟ್ಟಿ ಪರೀಕ್ಷೆ ಮಾಡಿ. ಪಟ್ಟಿ ಚೆನ್ನಾಗಿ ಬಂದರೆ ಬಳಸಿ. ಮತ್ತೆ ಬಾರದಂತೆ 100 ಮಿಲಿಗೆ ಅಕ್ಕಿಕಾಳಿನಷ್ಟು ಥೈಮಾಲ್ ಹರಳು ಹಾಕಿ. ಓಮಕ್ಕೆ ಆ ಘಾಟು ಬರುವುದು ಇದೇ ಥೈಮಾಲಿನಿಂದ. ಹಾಗೆಂದು ಓಮದ ಕಷಾಯ ಹಾಕಬೇಡಿ, ಅದರಲ್ಲಿರುವ ಬೇರೆ ಪದಾರ್ಥಗಳು ಕಬ್ಬಿಣದೊಡನೆ ಕೂಡಿ ದ್ರಾವಣವನ್ನು ಕೆಡಿಸುತ್ತವೆ. ಮಳೆಗಾಲದಲ್ಲಿ 50 ಮಿಲಿಗಿಂತ ಹೆಚ್ಚು ಎ ಮಾಡಿಡದಿರುವುದು ಇನ್ನೂ ಒಳ್ಳೆಯದು.

ಎ ಬಾಟಲಿಯ ತಳದಲ್ಲಿ ತುಕ್ಕಿನ ಬಣ್ಣದ ಕೆಸರು ನಿಂತಿದ್ದರೆ ಅದು ಬೂಷ್ಟಲ್ಲ. ಗಡಸು ನೀರಿನ ಕ್ಷಾರದಿಂದ ಕಬ್ಬಿಣ ಬೇರೆಯಾಗಿ ಕೂತಿರುತ್ತದೆ. ಇದನ್ನು ಸೋಸಿದರೆ ಕಬ್ಬಿಣವೇ ಕಡಿಮೆಯಾಗುತ್ತದೆ, ಬಾಟಲಿ ಬದಲಿಸಬೇಕು. ದ್ರಾವಣ ಮಾಡಲು ಬಟ್ಟಿ ಇಳಿಸಿದ ನೀರು ಬಳಸಿ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರೂ ನಡೆಯುತ್ತದೆ, ಆದರೆ ಅದು ನೀರೇ ಹೊರತು ಬ್ಯಾಟರಿ ಆಸಿಡ್ ಅಲ್ಲ ಎಂದು ಎರಡು ಸಲ ನೋಡಿ ಕೊಳ್ಳಿ. ಈ ತಪ್ಪು ಜೀವಕ್ಕೆ ಮುಳುವಾಗಬಹುದು. ಕಾರಣ ಕೊನೆಗೆ ಹೇಳಿದೆ.

ಸಿಟ್ರೇಟ್ ಪುಡಿ ಗಾಳಿಯ ತೇವ ಹೀರಿ ಬೆಲ್ಲದಂತೆ ಅಂಟಿಕೊಂಡಿದ್ದರೆ ಕೆಟ್ಟಿದೆ ಎಂದಲ್ಲ. ಆದರೆ 25 ಗ್ರಾಮಿನಲ್ಲಿ ನೀರಿನ ತೂಕವೂ ಸೇರಿದೆ. 2 ಅಥವಾ 3 ಗ್ರಾಂ ಹೆಚ್ಚು ಹಾಕಿ. ಸಿಟ್ರೇಟ್ ಕಂದು ಬಗೆಯದ್ದಾಗಿದ್ದರೆ ಅದರಲ್ಲಿ ಕಬ್ಬಿಣದ ಪಾಲು ಬೇರೆ, ಬೆಳಕಿಗೆ ಸ್ಪಂದನೆಯೂ ನಿಧಾನ. ಚಿತ್ರ ಬರುತ್ತದೆ, ಬಿಸಿಲಿನ ಸಮಯವನ್ನು ಪಟ್ಟಿ ಇಟ್ಟು ಹೊಸದಾಗಿ ಕಂಡುಕೊಳ್ಳಬೇಕು.

ಬಳಿದ ಕಾಗದ ಒಣಗುವಷ್ಟರಲ್ಲೇ ನೀಲಿ

ಒಣಗಿದ ಲೇಪನ ಹಳದಿ ಅಥವಾ ಹಳದಿ ಹಸಿರಾಗಿರಬೇಕು. ಹೊಗೆನೀಲಿ ಅಡರಿದ್ದರೆ ಮೊದಲು ಬೆಳಕನ್ನು ನೋಡಿ. ಮನೆಯ ಮಂದ ಎಲ್‌ಇಡಿ ದೀಪ ಕೆಲವು ನಿಮಿಷ ಇದ್ದರೆ ತೊಂದರೆಯಿಲ್ಲ. ಆದರೆ ಅರ್ಧ ತೆರೆದ ಕಿಟಕಿಯ ಬೆಳಕು ಸಾಲುವಷ್ಟು ಕೆಡಿಸುತ್ತದೆ. ಖಚಿತವಾಗಬೇಕಾದರೆ ಬಳಿದ ಹಾಳೆಯ ಮೇಲೆ ನಾಣ್ಯ ಇಟ್ಟು ಅದೇ ಜಾಗದಲ್ಲಿ ಒಣಗಿಸಿ, ತೊಳೆದು ನೋಡಿ. ನಾಣ್ಯದ ಗುರುತು ಬಿಳಿಯಾಗಿ ಉಳಿದರೆ ತಪ್ಪು ಬೆಳಕಿನದು. ಗುರುತೇ ಇಲ್ಲದೆ ಹಾಳೆಯಿಡೀ ನೀಲಿಯಾದರೆ ತೇವ ಅಥವಾ ಕಾಗದ ಕಾರಣ.

ಕರಾವಳಿ ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವೇ ದೊಡ್ಡ ಶತ್ರು. ತೇವದಲ್ಲಿ ಲೇಪನ ಕತ್ತಲಲ್ಲೂ ತಾನಾಗಿ ನೀಲಿಗಟ್ಟುತ್ತದೆ. ಫ್ಯಾನಿನ ಗಾಳಿ ಅಥವಾ ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಬೇಗ ಒಣಗಿಸಿ ಅದೇ ದಿನ ಮುದ್ರಿಸಿ. ಮರುದಿನಕ್ಕೆ ಇಡಲೇಬೇಕೆಂದರೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಕಪ್ಪು ಚೀಲದಲ್ಲಿ ಬಿಗಿಯಾಗಿ ಮುಚ್ಚಿ. ಅರೆ ಒಣಗಿದ ಹಾಳೆಯ ಮೇಲೆ ಇಂಕ್‌ಜೆಟ್ ನೆಗೆಟಿವ್ ಇಟ್ಟರೆ ಶಾಯಿ ಅಂಟಿ ಎರಡೂ ಹಾಳಾಗುತ್ತವೆ. ಕೈಗೆ ತಣ್ಣಗೆ ತಾಕಿದರೆ ಅದಿನ್ನೂ ಒಣಗಿಲ್ಲ.

ಬಿಸಿಲಿನಲ್ಲಿಟ್ಟರೂ ಬಣ್ಣ ತಿರುಗುವುದಿಲ್ಲ

ಬಿಸಿಲು ಬಿದ್ದ ಲೇಪನ ಹಳದಿಯಿಂದ ಹಸಿರಿಗೆ, ಅಲ್ಲಿಂದ ನೀಲಿಗೆ, ಕೊನೆಗೆ ಗಾಢ ಭಾಗಗಳಲ್ಲಿ ಕಂಚಿನ ಛಾಯೆಯ ಬೂದಿಗೆ ತಿರುಗುತ್ತದೆ. ಈ ಬೂದು ಕಂಡು ಹಾಳಾಯಿತೆಂದು ಹೆದರಬೇಡಿ. ನೀಲಿ ಇನ್ನೂ ಮುಂದೆ ಹೋಗಿ ಬಣ್ಣವಿಲ್ಲದ ರೂಪ ತಾಳಿರುತ್ತದೆ, ನೀರು ಗಾಳಿ ತಾಗಿದಾಗ ಮರಳುತ್ತದೆ. ಬಿಸಿಲಿನಿಂದ ತೆಗೆಯಲು ಸರಿಯಾದ ಹೊತ್ತೂ ಅದೇ.

ಅರ್ಧ ತಾಸಾದರೂ ಹಳದಿಯಾಗಿಯೇ ಉಳಿದರೆ ಮೇಲಿನ ಗಾಜನ್ನು ತೆಗೆದು ನೋಡಿ. ಸಾದಾ ಕಿಟಕಿ ಗಾಜು ನಮಗೆ ಬೇಕಾದ ಕಿರಣವನ್ನು ಬಿಡುತ್ತದೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು, ಚಿತ್ರ ಮಾಸದಂತೆ ಮಾಡಿದ ಫ್ರೇಮಿನ ಗಾಜು, ಕೆಲವು ಅಕ್ರಿಲಿಕ್ ಹಾಳೆಗಳು ಅದನ್ನೇ ತಡೆಯುತ್ತವೆ. ಗಾಜಿಲ್ಲದ ಪಟ್ಟಿ ನೀಲಿಯಾಗಿ ಗಾಜಿನಡಿಯದು ಆಗದಿದ್ದರೆ ಉತ್ತರ ಸಿಕ್ಕಂತೆ. ದೀಪದಲ್ಲಿ ಮುದ್ರಿಸುವವರು ದೀಪದ ಅಲೆಯುದ್ದ ನೋಡಿ: 365ರಿಂದ 395 ನ್ಯಾನೋಮೀಟರ್ ಒಳ್ಳೆಯದು. ಪಾರ್ಟಿಗಳಲ್ಲಿ ಹಾಕುವ ನೇರಳೆ ಬಣ್ಣದ ಬಲ್ಬು ಬರೀ ನೇರಳೆ ಬೆಳಕು ಕೊಡುವಂಥದ್ದಾದರೆ ಅದನ್ನು ನಂಬಬೇಡಿ.

ಮೋಡದ ದಿನ ಸಮಯ ಹಲವು ಪಟ್ಟು ಬೇಕಾಗುತ್ತದೆ, ಗಡಿಯಾರ ನೋಡುವುದಕ್ಕಿಂತ ಅಂಚಿನ ಬಣ್ಣ ನೋಡುವುದು ಮೇಲು. ಹೊಸ ಋತು ಬಂದಾಗ ಒಂದೊಂದು ಭಾಗಕ್ಕೆ 2, 4, 8, 16 ನಿಮಿಷ ಬಿಸಿಲು ತಾಗಿಸಿದ ಮೆಟ್ಟಿಲು ಪಟ್ಟಿಯೊಂದನ್ನು ಹೊಸದಾಗಿ ಮಾಡಿಕೊಳ್ಳಿ. ಏಪ್ರಿಲಿನ ಲೆಕ್ಕ ಆಷಾಢಕ್ಕೆ ಹೊಂದುವುದಿಲ್ಲ.

ನೀರಿಗೆ ಹಾಕಿದರೆ ನೀಲಿಯೆಲ್ಲ ಹರಿದುಹೋಗುತ್ತದೆ

ಹೆಚ್ಚು ಮಂದಿ ಕೈಚೆಲ್ಲುವುದು ಈ ಹಂತದಲ್ಲೇ. ಬಾಟಲಿಯ ಮೇಲೆ ಅನುಮಾನ ಬರುವುದೂ ಇಲ್ಲೇ, ಮತ್ತು ಆ ಅನುಮಾನ ಇಲ್ಲಿಯೇ ಅತಿ ಹೆಚ್ಚು ಸುಳ್ಳಾಗುವುದು. ನೀಲಿ ಹೇಗೆ ಹೋಗುತ್ತದೆ ಎಂದು ಕಣ್ಣಿಟ್ಟು ನೋಡಿ, ಅದೇ ಕಾರಣ ಹೇಳುತ್ತದೆ.

ಮೊದಲ ನಿಮಿಷದಲ್ಲಿ ನೀರೆಲ್ಲ ನೀಲಿಯಾಗಿ ಕಾಗದದ ಮೇಲೆ ಮಸುಕು ಚಿತ್ರ ಉಳಿದರೆ ಬಿಸಿಲು ಸಾಲದು. ಬಿಸಿಲಿನಲ್ಲಿ ನೋಡಿದ ಬಣ್ಣ ತೊಳೆದ ಮೇಲೆ ಸಾಕಷ್ಟು ಇಳಿಯುತ್ತದೆ, ಅದಕ್ಕೇ ಕಂಚಿನ ಬೂದು ಬರುವವರೆಗೆ ಕಾಯಬೇಕು. ಸಮಯವನ್ನು ಇಮ್ಮಡಿ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಬಿಸಿಲು ಸಾಕಷ್ಟಿದ್ದೂ ನೀಲಿ ಪುಡಿಪುಡಿಯಾಗಿ, ಪದರವಾಗಿ ಕಳಚಿ ತೇಲಿದರೆ ದ್ರಾವಣ ಕಾಗದದೊಳಗೆ ಇಳಿದಿಲ್ಲ, ಮೇಲೇ ಒಣಗಿದೆ. ಹೆಚ್ಚು ದ್ರಾವಣ ಸುರಿದು ಕೆರೆ ಕಟ್ಟಿಸಿದರೆ ಹೀಗಾಗುತ್ತದೆ. ತೆಳುವಾಗಿ ಬಳಿಯಿರಿ, ಹೊಳಪು ಆರುವವರೆಗೆ ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಫ್ಯಾನ್ ಹಾಕಿ. ಕಾಗದವೇ ನುಣುಪಾಗಿ ಬಿಗಿಯಾಗಿದ್ದರೆ 2 ಮಿಲಿ ಮಿಶ್ರಣಕ್ಕೆ ಶೇ 10ರ ಟ್ವೀನ್ 20 (ದ್ರಾವಣ ಕಾಗದದೊಳಗೆ ಇಳಿಯಲು ನೆರವಾಗುವ ದ್ರವ) ಒಂದು ಹನಿ ಸೇರಿಸಿ. ಇದಕ್ಕೆ ಬದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವುದುಂಟು, ಅದು ಬೇಡ. ಅದರಲ್ಲಿ ಏನೇನಿದೆಯೋ ಅದೆಲ್ಲ ಲೇಪನಕ್ಕೆ ಸೇರುತ್ತದೆ.

ಇದಕ್ಕೆ ವಿರುದ್ಧವಾದದ್ದು ಹೀರುಗುಣ ವಿಪರೀತವಾದ ಕೈಕಾಗದ. ಒಂದು ಹನಿ ನೀರು ಬಿಟ್ಟು ನೋಡಿ. ಒಂದೆರಡು ಸೆಕೆಂಡಿನಲ್ಲಿ ಇಂಗಿದರೆ ಅಂಟು ಕೊಡದ ಕಾಗದ. ಅದಕ್ಕೆ ಲೀಟರಿಗೆ 30 ಗ್ರಾಂ ಜೆಲಟಿನ್ ಬೆಚ್ಚಗೆ ಕರಗಿಸಿ ಬಳಿದು ಒಣಗಿಸಿಕೊಳ್ಳಿ.

ತೊಳೆಯಲು ಹಾಕಿದಾಗ ಚೆನ್ನಾಗಿದ್ದ ನೀಲಿ, ನೀರು ತಿಳಿಯಾಗಿಯೇ ಇರುವಾಗ ಕಣ್ಣೆದುರೇ ತೆಳುವಾಗಿ ಹಳದಿಗೆ ಜಾರಿದರೆ ಅದು ಕ್ಷಾರದ ಕೆಲಸ. ನೀಲಿ ಹರಿದುಹೋಗಿಲ್ಲ, ಕಾಗದದ ಮೇಲೆಯೇ ಒಡೆದು ತುಕ್ಕಿನಂಥ ಪದಾರ್ಥವಾಗಿದೆ. ಕ್ಷಾರ ನೀರಿನಿಂದ ಬರುತ್ತದೆ ಅಥವಾ ಕಾಗದದಿಂದ. ನೀರನ್ನು ಮೊದಲು ಪರೀಕ್ಷಿಸಿ, ಅದು ಅಗ್ಗ: ಒಂದೇ ಹಾಳೆಯನ್ನು ಎರಡು ತುಂಡು ಮಾಡಿ ಒಂದನ್ನು ನಲ್ಲಿ ನೀರಿನಲ್ಲಿ, ಇನ್ನೊಂದನ್ನು ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ತೊಳೆಯಿರಿ. ಎರಡನೆಯದು ಚೆನ್ನಾಗಿದ್ದರೆ ನೀರಿನದೇ ತಪ್ಪು. ಬೆಂಗಳೂರು, ಕೋಲಾರದ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಗಾರೆ ಕಟ್ಟುವುದು ಎಲ್ಲರೂ ಕಂಡದ್ದೇ. ಅಂಥ ನೀರಿರುವ ಕಡೆ ಮೊದಲ 5 ನಿಮಿಷ ಸಿಟ್ರಿಕ್ ನೀರು, ಆಮೇಲೆ ಆರ್‌ಓ ನೀರು. ಹುಳಿ ನೀರಿನ ತೊಳೆತ ನಡುಛಾಯೆಗಳನ್ನೂ ಉಳಿಸಿಕೊಡುತ್ತದೆ, ಆದ್ದರಿಂದ ನೀರು ಒಳ್ಳೆಯದಿದ್ದರೂ ಈ ಅಭ್ಯಾಸ ಇಟ್ಟುಕೊಳ್ಳಬಹುದು.

ಎರಡೂ ತುಂಡು ಹಳದಿಯಾದರೆ ಕಾಗದವನ್ನು ನೋಡಿ. ಬಹಳ ವರ್ಷ ಬಾಳಲೆಂದು ಇಂದಿನ ಅನೇಕ ಕಲಾಕಾಗದಗಳಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಮಿಕ್ಕ ಎಲ್ಲದಕ್ಕೂ ವರವಾದ ಅದು ಸಯನೊಟೈಪಿಗೆ ಶಾಪ. ಕಾಗದದ ಮೂಲೆಗೆ ಹುಳಿ ದ್ರಾವಣದ ಹನಿ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತದೆ. ಬಳಿಯುವ ಮುನ್ನ, ಅಂದರೆ ಬರಿಯ ಕಾಗದವನ್ನು, ಶೇ 10ರ ಸಲ್ಫಾಮಿಕ್ ಆಸಿಡ್ ದ್ರಾವಣದಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಹಲವು ಸಲ ನೀರು ಬದಲಿಸಿ ತೊಳೆದು, ಪೂರ್ತಿ ಒಣಗಿಸಿ. ಈ ಆಸಿಡ್ ಬಲವಾದದ್ದು, ಫೆರಿಸಯನೈಡ್ ಇರುವ ಮೇಜಿನಲ್ಲಿ ಇದನ್ನು ಮಾಡಬೇಡಿ. ಇಷ್ಟು ತಾಪತ್ರಯ ಬೇಡವೆಂದರೆ ಸುಣ್ಣದಂಶವಿಲ್ಲದ ಹತ್ತಿ ಕಾಗದ ಕೊಳ್ಳಿ. ಆರಂಭಿಸುವವರಿಗೆ ನಮ್ಮ ಸಲಹೆ ಅದೇ.

ಬಟ್ಟೆಯ ಮೇಲೆ ಮುದ್ರಿಸುವವರು ಕೋರಾ ಹತ್ತಿಯ ಗಂಜಿಯನ್ನು ಮೊದಲೇ ಕುದಿಸಿ ತೆಗೆಯಿರಿ. ಅದಕ್ಕೆ ಸೋಪಿನ ಪುಡಿ ಬಳಸಿದ್ದರೆ ಅದರ ಕ್ಷಾರ ಉಳಿಯದಂತೆ ಕೊನೆಯ ನೀರಿಗೆ ವಿನೆಗರ್ ಹಾಕಿ. ಮುದ್ರಿಸಿದ ಬಟ್ಟೆಯನ್ನು ಮುಂದೆಂದೂ ಸೋಪಿನ ಪುಡಿಯಲ್ಲಿ ಒಗೆಯಬಾರದು, ನೀಲಿ ಒಂದೇ ಒಗೆತಕ್ಕೆ ಹಳದಿಯಾಗುತ್ತದೆ.

ಬಿಳಿ ಇರಬೇಕಾದ ಕಡೆ ನೀಲಿ ಮಬ್ಬು

ಒಣಗಿಸುವಾಗಲೇ ಮಬ್ಬು ಹಿಡಿದಿತ್ತೇ ಎಂಬುದನ್ನು ಮೇಲೆ ನೋಡಿದ್ದಾಯಿತು. ಅದಲ್ಲದಿದ್ದರೆ ನೆಗೆಟಿವ್. ನೆಗೆಟಿವ್‌ನ ಕಪ್ಪು ಭಾಗದ ಪಕ್ಕದಲ್ಲೇ ಒಂದು ನಾಣ್ಯ ಇಟ್ಟು ಮುದ್ರಿಸಿ. ನಾಣ್ಯದಡಿ ಬಿಳಿ, ಕಪ್ಪು ಶಾಯಿಯಡಿ ನೀಲಿ ಬಂದರೆ ಶಾಯಿ ಸಾಲದು. ಲೇಸರ್ ಪ್ರಿಂಟರಿನ ಕಪ್ಪು ಕಣ್ಣಿಗೆ ಗಾಢವಾಗಿ ಕಂಡರೂ ಕಿರಣವನ್ನು ಒಳಗೆ ಬಿಡುತ್ತದೆ. ಒಂದೇ ನೆಗೆಟಿವ್‌ನ ಎರಡು ಪ್ರತಿ ಮೇಲೊಂದು ಜೋಡಿಸಿ, ಅಥವಾ ಇಂಕ್‌ಜೆಟ್‌ಗೆ ಹೋಗಿ.

ನಾಣ್ಯದಡಿಯೂ ನೀಲಿ ಬಂದು, ಅದು ತೊಳೆಯುವಾಗ ಮಾತ್ರ ಕಾಣಿಸಿಕೊಂಡರೆ ನೀರಿನಲ್ಲಿ ಫೆರಸ್ ಕಬ್ಬಿಣವಿರಬಹುದು. ಕರಾವಳಿಯ ಮುರಕಲ್ಲಿನ ನೆಲದ ಬಾವಿ, ಬೋರ್‌ವೆಲ್‌ಗಳಲ್ಲಿ, ಬಕೆಟ್ಟಿಗೆ ಕೆಂಗಂದು ಕಲೆ ಹಿಡಿಸುವ ನೀರು ಇಂಥದ್ದು. ಕಾಗದದಲ್ಲಿ ಉಳಿದ ಫೆರಿಸಯನೈಡ್ ಆ ಕಬ್ಬಿಣವನ್ನು ಹಿಡಿದು ಎಲ್ಲೆಡೆ ತೆಳುನೀಲಿ ಹರಡುತ್ತದೆ. ಗಾಜಿನ ಲೋಟದ ಬಾವಿನೀರಿಗೆ ಬಿ ದ್ರಾವಣದ ಒಂದು ಹನಿ ಬಿಟ್ಟು, ಹಿಂದೆ ಬಿಳಿ ಕಾಗದ ಹಿಡಿಯಿರಿ. ನೀಲಿ ಛಾಯೆ ಬಂದರೆ ಸಂಶಯ ನಿಜ. ಮೊದಲ ಎರಡು ತೊಳೆತಕ್ಕೆ ಆರ್‌ಓ ನೀರು ಬಳಸಿದರೆ ಸಾಕು. ಫೆರಿಸಯನೈಡ್ ಹೋದ ಮೇಲೆ ಬಾವಿನೀರು ನೀಲಿ ಹುಟ್ಟಿಸುವುದಿಲ್ಲ.

ಬಿಳಿ ಜಾಗ ಹಳದಿ

ತೊಳೆತ ಸಾಲದು. ಅಂಚಿನ ಹಳದಿ ಪೂರ್ತಿ ಹೋಗುವವರೆಗೆ ನೀರು ಬದಲಿಸುತ್ತಿರಿ. ತೆಳು ಕಾಗದಕ್ಕೆ 10 ನಿಮಿಷ, 300 ಜಿಎಸ್‌ಎಂನ ದಪ್ಪ ಕಾಗದಕ್ಕೆ 20 ನಿಮಿಷದವರೆಗೂ ಬೇಕು. ತೊಳೆಯುವ ಟ್ರೇ ನೆರಳಲ್ಲಿರಲಿ. ಹಳದಿ ಹಟ ಮಾಡಿದರೆ ಸಿಟ್ರಿಕ್ ನೀರಿಗೆ ಮತ್ತೊಮ್ಮೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಕಬ್ಬಿಣ ನಾರಿನಲ್ಲಿ ಕೂತಿದೆ, ಆ ಹಾಳೆ ಬಿಟ್ಟು ಮುಂದಿನದಕ್ಕೆ ಹೋಗಿ.

ಚುಕ್ಕೆ ಮತ್ತು ಗೆರೆ

ಬಾಲವಿರುವ ಕಡುನೀಲಿ ಚುಕ್ಕೆ: ಕಬ್ಬಿಣದ ಕಣ ಅಥವಾ ಕರಗದ ಪುಡಿ. ಬಳಿಯುವ ಮುನ್ನ ಸೋಸಿ, ಲೋಹದ ಪಟ್ಟಿಯಿಲ್ಲದ ಬ್ರಷ್ ಬಳಸಿ. ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ನಡೆಯುತ್ತಿದ್ದರೆ ಆ ಧೂಳೇ ಸಾಕು. ಪೊರಕೆ ಗೆರೆಯಂಥ ಪಟ್ಟೆ: ಬ್ರಷ್ ಒಣಗಿತ್ತು. ಒದ್ದೆ ಮಾಡಿ ಹಿಂಡಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆಯಿರಿ. ಬೋಳು ವೃತ್ತ: ಗಾಳಿಗುಳ್ಳೆ. ಬೆರಳಚ್ಚಿನ ಆಕಾರದ ಬಿಳುಪು: ಕೈಯ ಎಣ್ಣೆ.

ಒಣಗಿದ ಚಿತ್ರ ಪೇಲವ, ಅಥವಾ ತಿಂಗಳಲ್ಲಿ ಮಾಸಿತು

ತೊಳೆದ ಕೂಡಲೇ ಕಾಣುವ ನೀಲಿಯೇ ಕೊನೆಯದಲ್ಲ. ಒಂದು ದಿನ ಗಾಳಿಯಲ್ಲಿದ್ದರೆ ತಾನಾಗಿ ಗಾಢವಾಗುತ್ತದೆ. ಕಾಯಲಾಗದವರು ಔಷಧಿ ಅಂಗಡಿಯ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್ 10 ಮಿಲಿಯನ್ನು ಒಂದು ಲೀಟರ್ ನೀರಿಗೆ ಹಾಕಿ ಅದರಲ್ಲಿ ಅರ್ಧ ನಿಮಿಷ ಅದ್ದಿ ತೊಳೆಯಬಹುದು. ಕಣ್ಣೆದುರೇ ಕಪ್ಪುನೀಲಿಯಾಗುತ್ತದೆ. ಆದರೆ ಇದು ಮರುದಿನದ ಬಣ್ಣವನ್ನು ಇಂದೇ ತೋರಿಸುತ್ತದೆ ಅಷ್ಟೆ, ಬಿಸಿಲು ಸಾಲದ ಚಿತ್ರವನ್ನು ಉಳಿಸುವುದಿಲ್ಲ.

ಗೋಡೆಗೆ ಹಾಕಿದ ಮೇಲೆ ಮಾಸಿದರೆ ಫ್ರೇಮಿನಿಂದ ತೆಗೆದು ಕತ್ತಲ ಕೋಣೆಯಲ್ಲಿ ಗಾಳಿಯಾಡಲು ಕೆಲವು ದಿನ ಬಿಡಿ. ಬೆಳಕಿನಿಂದ ಮಾಸಿದ್ದರೆ ನೀಲಿ ಬಹುಪಾಲು ಮರಳುತ್ತದೆ. ಮರಳದೆ ಹಳದಿಯಾಗಿಯೇ ಉಳಿದರೆ ಹಿಂದಿನ ರಟ್ಟಿನಲ್ಲಿ ಸುಣ್ಣದಂಶವಿದೆ. ‘ಆಸಿಡ್ ಫ್ರೀ’ ಎಂದು ಬರೆದ ರಟ್ಟುಗಳಲ್ಲಿ ಕ್ಷಾರ ಸೇರಿಸಿದ ಬಗೆಯೂ ಇರುತ್ತದೆ, ಆದ್ದರಿಂದ ಕ್ಷಾರ ಸೇರಿಸದ ರಟ್ಟು ಎಂದು ಕೇಳಿ ಕೊಳ್ಳಿ.

ಇಲ್ಲಿ ನಿಲ್ಲಿಸಿ

ಫೆರಿಸಯನೈಡ್‌ನಲ್ಲಿ ಸಯನೈಡ್ ಕಬ್ಬಿಣದೊಡನೆ ಗಟ್ಟಿಯಾಗಿ ಬಿಗಿದುಕೊಂಡಿರುತ್ತದೆ, ಹಾಗಾಗಿ ಎಚ್ಚರದಿಂದ ಬಳಸಿದರೆ ಅಂಥ ಭಯವಿಲ್ಲ. ಬಲವಾದ ಆಸಿಡ್ ಅಥವಾ ಹೆಚ್ಚು ಕಾವು ತಾಗಿದರೆ ಮಾತ್ರ ಆ ಬಿಗಿ ಸಡಿಲಿ ಹೈಡ್ರೋಜನ್ ಸಯನೈಡ್ ಅನಿಲ ಹೊರಡಬಹುದು. ಬಿ ದ್ರಾವಣವನ್ನು ಒಲೆಯ ಮೇಲಾಗಲಿ ಮೈಕ್ರೋವೇವಿನಲ್ಲಾಗಲಿ ಕಾಯಿಸಬೇಡಿ, ತಣ್ಣೀರಿನಲ್ಲೇ ಅದು ಸುಲಭವಾಗಿ ಕರಗುತ್ತದೆ. ಬ್ಯಾಟರಿ ಆಸಿಡ್, ಮ್ಯೂರಿಯಾಟಿಕ್ ಆಸಿಡ್, ಶೌಚಾಲಯ ತೊಳೆಯುವ ಆಸಿಡ್ ಇವುಗಳ ಹತ್ತಿರಕ್ಕೂ ತರಬೇಡಿ. ತೊಳೆತಕ್ಕೆ ಹೇಳಿದ ವಿನೆಗರ್, ತೆಳು ಸಿಟ್ರಿಕ್ ನೀರು ದುರ್ಬಲ ಹುಳಿಗಳು, ಅವು ಬೇರೆ. ಆಕಸ್ಮಿಕವಾಗಿ ಬಲವಾದ ಆಸಿಡ್ ಸೇರಿಬಿಟ್ಟರೆ ಮೂಸಿ ನೋಡಬೇಡಿ, ಆ ಅನಿಲದ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ಎಲ್ಲರನ್ನೂ ಕರೆದುಕೊಂಡು ಕೂಡಲೇ ಹೊರಗೆ ಹೋಗಿ. ತಲೆಸುತ್ತು, ಉಸಿರುಕಟ್ಟು, ಎದೆ ಬಿಗಿತ ಇದ್ದರೆ 108ಕ್ಕೆ ಕರೆ ಮಾಡಿ, ಯಾವ ಪುಡಿ, ಯಾವ ಆಸಿಡ್ ಎಂದು ಹೇಳಿ.

ಪುಡಿ ತೂಗುವಾಗ ಮಾಸ್ಕ್, ನೈಟ್ರೈಲ್ ರಬ್ಬರಿನ ಕೈಗವಸು, ಕನ್ನಡಕ ಇರಲಿ. ಕಣ್ಣಿಗೆ ಹಾರಿದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಬಿ ದ್ರಾವಣ ನೋಡಲು ಕಿತ್ತಳೆ ಹಳದಿ ಶರಬತ್ತಿನಂತೆಯೇ ಇರುತ್ತದೆ. ಅದನ್ನು ತಂಪು ಪಾನೀಯದ ಹಳೆಯ ಬಾಟಲಿಗೆ ಎಂದೂ ತುಂಬಬೇಡಿ, ಫ್ರಿಜ್ಜಿನಲ್ಲಿಡಬೇಡಿ. ‘ವಿಷ, ಕುಡಿಯಬಾರದು’ ಎಂದು ಮನೆಯವರೆಲ್ಲ ಓದುವ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ತಯಾರಿಸಿದ ದಿನಾಂಕ ಹಾಕಿ, ಬೀಗವಿರುವ ಕಪಾಟಿನಲ್ಲಿಡಿ.

ಮಿಕ್ಕ ಮಿಶ್ರಣವನ್ನು ಬಚ್ಚಲಿಗೆ ಸುರಿಯದೆ ಹಳೆಯ ಪೇಪರಿಗೆ ಬಳಿದು ಬಿಸಿಲಿನಲ್ಲಿಟ್ಟು ನೀಲಿ ಮಾಡಿ ಒಣಗಿಸಿ, ಒಣಕಸದೊಡನೆ ಕೊಡಿ. ಆಸಿಡ್ ಹಾಕಿ ತೊಳೆಯುವ ಶೌಚದ ಗುಂಡಿಗೆ ಬಿ ದ್ರಾವಣವನ್ನಂತೂ ಚೆಲ್ಲಲೇಬಾರದು. ಪೂರ್ತಿ ಬಾಟಲಿಯನ್ನೇ ವಿಲೇವಾರಿ ಮಾಡಬೇಕಾಗಿ ಬಂದರೆ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ, ಅವರ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ತೆಗೆದುಕೊಳ್ಳುತ್ತಾರೆಯೇ ವಿಚಾರಿಸಿ. ಅಲ್ಲಿಯವರೆಗೆ ಬಾಟಲಿಯ ಮುಚ್ಚಳ ಬಿಗಿದು, ಹೆಸರಿನ ಚೀಟಿ ಕೀಳದೆ, ಆಸಿಡ್‌ಗಳಿಂದ ದೂರ ಇಟ್ಟಿರಿ.